ತಿಂಗಳುಗಟ್ಟಲೆ ನಿಂತ ಪದ್ಮಿನಿಯನ್ನು ಸ್ಟಾರ್ಟ್ ಮಾಡುವುದು ಹೇಗೆ?

ನಮ್ಮ ದೊಡ್ಡಪ್ಪನಿಗೆ 78 ವರ್ಷ. ಮುಂಬೈನ ಕುರ್ಲಾದಲ್ಲಿ ತಯಾರಾದ 1089 ಸಿಸಿಯ ಪ್ರೀಮಿಯರ್ ಪದ್ಮಿನಿ ಕಾರನ್ನು ಈಗಲೂ ತಾವೇ ಓಡಿಸುತ್ತಾರೆ. ಇಂಥ ಹಿರಿಯರಿಗೆ ಡ್ರೈವಿಂಗ್ ಹೇಳಿಕೊಡಬೇಕಾಗಿಲ್ಲ. ಅವರು ಎಡವುವುದು ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವಾಗ. ಕೀ ತಿರುಗಿಸುತ್ತಲೇ ಇರುತ್ತಾರೆ, ಬ್ಯಾಟರಿ ಇಳಿದುಹೋಗುತ್ತದೆ. ಮನೆಯವರು 'ಇನ್ನು ಮಾರಿಬಿಡಿ' ಅನ್ನುವುದೂ ಅವತ್ತೇ. ಆ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಮೊದಲ ಹಂತ: ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಬ್ರೇಕ್ ಆಯಿಲ್, ಟೈರ್ ಗಾಳಿ ನೋಡಿ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವವರಿದ್ದಾರೆ. ಖಂಡಿತ ಬೇಡ, ಒಳಗಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಬೆಸುಗೆ ಹಾಕಿಸಿ.

ಎರಡನೆಯದು: ಬ್ಯಾಟರಿ ಟರ್ಮಿನಲ್ ಉಜ್ಜಿ, ಬಿಗಿ ಮಾಡಿ, ವ್ಯಾಸಲಿನ್ ಹಚ್ಚಿ.

ಮೂರನೆಯದು ಪೆಟ್ರೋಲ್. ಕೆಲಸ ಕೆಡುವುದು ಇಲ್ಲೇ. ತಿಂಗಳು ನಿಂತರೆ, ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನಲ್ಲಿದ್ದ ಪೆಟ್ರೋಲ್ ಆರಿಹೋಗಿರುತ್ತದೆ. ಟ್ಯಾಂಕ್ ಇರುವುದು ಹಿಂದೆ. ಅಲ್ಲಿಂದ ಪೆಟ್ರೋಲ್ ಬರುವಷ್ಟರಲ್ಲಿ ಬ್ಯಾಟರಿ ಸೋತಿರುತ್ತದೆ. ಅದಕ್ಕೇ ಗೇರ್ ನ್ಯೂಟ್ರಲ್ ಮಾಡಿ, ಬಾನೆಟ್ ಎತ್ತಿ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಚಿಕ್ಕ ಪಂಪ್ ಎಂಜಿನ್ನಿಗೇ ಜೋಡಿಸಿರುತ್ತದೆ. ಅದರಲ್ಲಿ ಕೈಯಿಂದ ಒತ್ತುವ ಚಿಕ್ಕ ಲಿವರ್ ಇರುತ್ತದೆ. ನಿಧಾನವಾಗಿ ಇಪ್ಪತ್ತು-ಮೂವತ್ತು ಸಲ ಒತ್ತಿ. ಒಳಗಿನ ಸ್ಪ್ರಿಂಗ್ ಬೆರಳಿಗೆ ಗೊತ್ತಾಗಬೇಕು. ಮೊದಲಿನಿಂದಲೇ ಸಡಿಲವಾಗಿ ಆಡಿದರೆ ಪಂಪ್ ಕೆಟ್ಟಿದೆ ಎಂದು ಹೆದರಬೇಡಿ. ಎಂಜಿನ್ ಒಳಗೆ ತಿರುಗುತ್ತಾ ಪಂಪನ್ನು ನಡೆಸುವ ಉಬ್ಬು, ಅಂದರೆ ಕ್ಯಾಮ್, ಅದನ್ನು ಎತ್ತಿ ಹಿಡಿದಿರಬಹುದು. ಕೀ ಒಂದು ಕ್ಷಣ ತಿರುಗಿಸಿ ಬಿಟ್ಟು, ಮತ್ತೆ ಒತ್ತಿ. ಬಿಗಿಯಾಗಿದ್ದ ಲಿವರ್ ಕೊನೆಗೆ ಸಡಿಲವಾಯಿತಾ? ಕಾರ್ಬುರೇಟರ್ ತುಂಬಿತು.

ಬಾಟಲಿಯಿಂದ ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿಯುವ ಅಡ್ಡದಾರಿಗೆ ಯಾರೇ ಹೇಳಿದರೂ ಒಪ್ಪಬೇಡಿ. ಎಂಜಿನ್ ಒಮ್ಮೆ ಹಿಂದಕ್ಕೆ ಸಿಡಿದರೆ ಬೆಂಕಿ ನಿಮ್ಮ ಮುಖಕ್ಕೇ ಬರುತ್ತದೆ.

ಈಗ ಚೋಕ್ (ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಗುಂಡಿ) ಪೂರ್ತಿ ಎಳೆಯಿರಿ. ಆಕ್ಸಿಲರೇಟರ್ ಮೇಲೆ ಕಾಲಿಡಬೇಡಿ. ಐದು ಸೆಕೆಂಡ್ ಕೀ ತಿರುಗಿಸಿ, ಅರ್ಧ ನಿಮಿಷ ಬಿಡಿ, ಮತ್ತೆ ಪ್ರಯತ್ನಿಸಿ. ಪೆಟ್ರೋಲ್ ವಾಸನೆ ಜಾಸ್ತಿ ಬಂದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕೀ ತಿರುಗಿಸಿ. ಪದೇಪದೇ ತುಳಿದರೆ ಇನ್ನಷ್ಟು ಪೆಟ್ರೋಲ್ ನುಗ್ಗುತ್ತದೆ. ಸ್ಟಾರ್ಟ್ ಆದಮೇಲೆ ಆಯಿಲ್ ದೀಪ ಆರದಿದ್ದರೆ ತಕ್ಷಣ ಆಫ್ ಮಾಡಿ.

ಶೆಡ್ಡಿನಲ್ಲೇ ಸುಮ್ನೆ ಓಡುತ್ತಾ ಬಿಡಬೇಡಿ. ಮುಚ್ಚಿದ ಜಾಗದಲ್ಲಿ ಆ ಹೊಗೆ ಪ್ರಾಣ ತೆಗೆಯಬಲ್ಲದು, ಬ್ಯಾಟರಿಯೂ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಗೇಟಿನ ಬಳಿ ಬ್ರೇಕ್ ಪರೀಕ್ಷಿಸಿ, ಅರ್ಧ ಗಂಟೆ ಓಡಿಸಿ. ಭಾನುವಾರ ಬೆಳಗ್ಗೆ ಆರು ಗಂಟೆಯೇ ಒಳ್ಳೆಯದು. ಫಸ್ಟ್ ಗೇರಿಗೆ ಸಿಂಕ್ರೊಮೆಶ್ (ಓಡುವಾಗಲೂ ಗೇರ್ ಸಲೀಸಾಗಿ ಬೀಳಲು ನೆರವಾಗುವ ಭಾಗ) ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಿ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ. ಹಳೆಯ ರಬ್ಬರ್ ಪೆಟ್ರೋಲ್ ಪೈಪ್ ಅದನ್ನು ತಾಳುವುದಿಲ್ಲ. ಎಥನಾಲ್ ತಾಳುವ ಪೈಪನ್ನೇ ಕೇಳಿ ಹಾಕಿಸಿ. ಅಗ್ಗದ್ದು ಬಿರುಕುಬಿಟ್ಟು ಬಿಸಿ ಎಂಜಿನ್ ಮೇಲೆ ಸೋರುತ್ತದೆ.

ವಾಪಸ್ ಬಂದು ಬಹಳ ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಸಲ ಕೀ ಮುಟ್ಟುವ ಮೊದಲು ನ್ಯೂಟ್ರಲ್ ಮಾಡಲು ಮರೆಯಬೇಡಿ.