ಪ್ರಾಚಾರ್ಯರ ಹೆಸರಲ್ಲಿ ವಿಕಿಪೀಡಿಯ ಪುಟ ಮಾಡಬೇಕಾ? ಬರೆಯುವ ಮುಂಚೆ ಇಷ್ಟು ನೋಡಿ

ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜಿನಲ್ಲಿ ಪ್ರಾಚಾರ್ಯರೊಬ್ಬರು ನಿವೃತ್ತರಾದರೆ ಸಾಕು, ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ "ಸರ್ ಹೆಸರಲ್ಲಿ ವಿಕಿಪೀಡಿಯದಲ್ಲಿ ಒಂದು ಪುಟ ಮಾಡೋಣ" ಅಂತ ಯಾರಾದರೂ ಶುರು ಮಾಡುತ್ತಾರೆ. ಆಸೆ ಒಳ್ಳೆಯದೇ. ಆದರೆ ಬರೆಯೋಕೆ ಕೂರುವ ಮುಂಚೆ ಸ್ವಲ್ಪ ಹುಡುಕಾಡಿ. ಇಲ್ಲದಿದ್ದರೆ ಪುಟ ಅಳಿಸಿ ಹೋಗುತ್ತದೆ, "ಇವರು ಅಷ್ಟೇನೂ ಗಮನಾರ್ಹರಲ್ಲ" ಅನ್ನುವ ಚರ್ಚೆ ಮಾತ್ರ ಎಲ್ಲರಿಗೂ ಕಾಣುವ ಹಾಗೆ ಉಳಿಯುತ್ತದೆ. ಸರ್‌ಗೆ ಅದು ಬೇಕಾ?

ಮೊದಲು ಹುದ್ದೆ ನೋಡಿ. ಪ್ರಾಧ್ಯಾಪಕರು, ಸಂಶೋಧಕರಿಗೆ ಅಂತಲೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಂಟು ಮಾನದಂಡಗಳಿವೆ. ಒಂದು ದಾಟಿದರೂ ಸಾಕು. ಆರನೆಯದು ಹುದ್ದೆಗೆ ಸಂಬಂಧಿಸಿದ್ದು: ದೊಡ್ಡ ಶಿಕ್ಷಣ ಸಂಸ್ಥೆಯ ಅಥವಾ ದೊಡ್ಡ ವಿದ್ವತ್ ಸಂಘದ ಅತಿ ಮೇಲಿನ ಹುದ್ದೆಯಲ್ಲಿ ಇದ್ದಿರಬೇಕು. ನಮ್ಮಲ್ಲಿ ಅಂದರೆ ಕುಲಪತಿ. ಕುಲಾಧಿಪತಿ ಹೆಸರಿಗೆ ಅದಕ್ಕಿಂತ ಮೇಲೆ, ಆದರೆ ಸರ್ಕಾರಿ ವಿ.ವಿ.ಗಳಲ್ಲಿ ಆ ಸ್ಥಾನ ಸಾಮಾನ್ಯವಾಗಿ ರಾಜ್ಯಪಾಲರದ್ದು, ದಿನದ ಆಡಳಿತ ನಡೆಸುವವರು ಕುಲಪತಿಗಳೇ. ಡೀನ್, ವಿಭಾಗದ ಮುಖ್ಯಸ್ಥ ಅನ್ನುವುದೆಲ್ಲ ಸಾಲದು. ಪ್ರಾಚಾರ್ಯರ ಕಥೆಯೂ ಹೆಚ್ಚುಕಮ್ಮಿ ಅಷ್ಟೇ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಹೆಚ್ಚಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿ ಇರುವಂಥವು, ಹಾಗಾಗಿ ಪ್ರಾಚಾರ್ಯ ಅನ್ನುವುದೊಂದನ್ನೇ ಹಿಡಿದು ಹೊರಟರೆ ಪುಟ ನಿಲ್ಲೋದು ಕಷ್ಟ.

ಉದಾಹರಣೆಗೆ ಶಾಂತಿನಾಥ ದೇಸಾಯಿ. ಹುಟ್ಟಿದ್ದು ಹಳಿಯಾಳದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿ. ಆ ಒಂದು ಸಾಲಿನ ಮೇಲೇ ಪುಟ ನಿಲ್ಲುತ್ತದೆ. ಅವರು ಕಾದಂಬರಿಕಾರರೂ ಹೌದು, ತೀರಿಕೊಂಡ ಮೇಲೆ 2000ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು, ಅಂದರೆ ಕುಲಪತಿ ಆಗದಿದ್ದರೂ ಪುಟಕ್ಕೇನೂ ಕೊರತೆ ಇರುತ್ತಿರಲಿಲ್ಲ. ಅಂಕೋಲಾದ ಸೂರ್ವೆಯ ಜಿ.ಎಚ್. ನಾಯಕರನ್ನು ನೋಡಿ. ಪಾಠ ಮಾಡಿದ ಮೇಷ್ಟ್ರೇ, ಆದರೆ ಪುಟಕ್ಕೆ ಬೇಕಾದ ಬಲ ಅವರ ವಿಮರ್ಶೆಯಿಂದ ಮತ್ತು ಅದಕ್ಕೆ 2014ರಲ್ಲಿ ಬಂದ ಅದೇ ಅಕಾಡೆಮಿ ಪ್ರಶಸ್ತಿಯಿಂದ ಬರುತ್ತದೆ. ನಿಮ್ಮ ಸರ್ ವಿಷಯದಲ್ಲೂ ಹುದ್ದೆ ಬದಿಗಿಟ್ಟು ಕೇಳಿ: ಜಾನಪದ ಸಂಗ್ರಹಿಸಿದ್ದಾರಾ? ಯಕ್ಷಗಾನದ ಮೇಲೆ ಕೆಲಸ ಮಾಡಿದ್ದಾರಾ? ಅದನ್ನು ಬೇರೆ ವಿದ್ವಾಂಸರು ಎತ್ತಿಕೊಂಡು ಮಾತಾಡಿದ್ದಾರಾ?

ಹೆಚ್ಚಿನ ಪುಟಗಳು ಮುಗ್ಗರಿಸುವುದು ಆಧಾರದ ವಿಷಯದಲ್ಲಿ. ಹಳೇ ಫೈಲಿನಿಂದ ಪತ್ರಿಕೆಯ ತುಣುಕುಗಳನ್ನು ತೆಗೆದು ಒಂದೊಂದಾಗಿ ಓದಿ. "ಪ್ರಾಚಾರ್ಯರಿಗೆ ಬೀಳ್ಕೊಡುಗೆ" ಅಂತ ತಲೆಬರಹ, ಕೆಳಗೆ ಶಾಲು ಹೊದಿಸಿ ಫಲತಾಂಬೂಲ ಕೊಡುವ ಫೋಟೊ, ಕೊನೆಯಲ್ಲಿ ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಅದು ಕಾಲೇಜಿನವರೇ ಬರೆದು ಕಳಿಸಿದ ಪ್ರಕಟಣೆ. ಅದೇ ಒಕ್ಕಣೆ ಇನ್ನೆರಡು ಪತ್ರಿಕೆಯಲ್ಲಿ ಅಕ್ಷರ ಬದಲಾಗದೆ ಬಂದಿದ್ದರೆ ಇನ್ನು ಅನುಮಾನವೇ ಬೇಡ, ಮೂರೂ ಸೇರಿ ಒಂದೇ ಆಧಾರ, ಅದೂ ಸ್ವತಂತ್ರ ಆಧಾರ ಅಲ್ಲ. ಶಿಷ್ಯರು ಸೇರಿ ತಂದ ಅಭಿನಂದನಾ ಗ್ರಂಥವೂ ಹಾಗೇ. ಹುಟ್ಟಿದ ಊರು, ಓದಿದ ಶಾಲೆಗೆ ಬಳಸಿಕೊಳ್ಳಬಹುದು, ದೊಡ್ಡವರು ಅಂತ ಸಾಬೀತು ಮಾಡಲು ಬರುವುದಿಲ್ಲ. ಬೇಕಾದದ್ದು ಪರಿಚಯ ಇಲ್ಲದವರು ತಾವಾಗಿ ಬರೆದದ್ದು: ಪುಸ್ತಕ ವಿಮರ್ಶೆ, ವರದಿಗಾರರೇ ಹೋಗಿ ಮಾಡಿದ ಲೇಖನ, ಬೇರೆಯವರ ಸಂಶೋಧನೆಯಲ್ಲಿ ಇವರ ಕೆಲಸದ ಚರ್ಚೆ.

ವಿದ್ವತ್ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಇಲ್ಲ ಅಂತ ಕೈಬಿಡಬೇಡಿ. ಕನ್ನಡದಲ್ಲಿ ಬರೆದವರ ಕೆಲಸ ಅಲ್ಲಿ ಸರಿಯಾಗಿ ಸಿಗೋದಿಲ್ಲ. ಹಳೇ ಪುಸ್ತಕಗಳ ಅಡಿಟಿಪ್ಪಣಿಯನ್ನೇ ಹುಡುಕಬೇಕು, ಬೇಜಾರಿನ ಕೆಲಸ.

ವಿಕಿಪೀಡಿಯದಲ್ಲಿ ಕರಡು ಪರಿಶೀಲಿಸುವವರೂ ಎಡವುತ್ತಾರೆ. 2018ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದ ದಿನ ಡೊನಾ ಸ್ಟ್ರಿಕ್‌ಲ್ಯಾಂಡ್ ಹೆಸರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಪುಟ ಇರಲಿಲ್ಲ. ಯಾರೋ ಕರಡು ಹಾಕಿದ್ದರು, ಆ ವರ್ಷದ ಮೇ ತಿಂಗಳಲ್ಲಿ ಅದು ಆಧಾರ ಸಾಲದು ಅಂತ ವಾಪಸ್ ಬಂದಿತ್ತು. ಆಕೆಯೋ 2013ರಲ್ಲೇ ಬೆಳಕಿನ ವಿಜ್ಞಾನದ ದೊಡ್ಡ ವಿದ್ವತ್ ಸಂಘವಾದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆ ಆಗಿದ್ದವರು, ಆರನೇ ಮಾನದಂಡವೇ ಸಾಕಿತ್ತು. ಹಾಗಾಗಿ ನಿಮ್ಮ ಗಟ್ಟಿ ಅಂಶವನ್ನು ಮೊದಲ ಸಾಲಿನಲ್ಲೇ ಆಧಾರದ ಸಮೇತ ಇಡಿ. "ಸರಳ ಸಜ್ಜನಿಕೆಯ, ವಿದ್ಯಾರ್ಥಿಗಳ ಕಣ್ಮಣಿ" ಅನ್ನುವುದನ್ನು ಸನ್ಮಾನ ಪತ್ರಕ್ಕೆ ಬಿಡಿ.

ನೀವು ಶಿಷ್ಯರೋ ಮನೆಯವರೋ ಆಗಿದ್ದರೆ ಅದನ್ನು ಚರ್ಚೆಪುಟದಲ್ಲಿ ಹೇಳಿಬಿಡಿ. ಕಾಲೇಜಿನ ವೆಬ್‌ಸೈಟಿನಿಂದ ಪಠ್ಯ, ಫೋಟೊ ಎತ್ತಿ ಹಾಕಬೇಡಿ, ಕೃತಿಸ್ವಾಮ್ಯದ ತಕರಾರು ಬರುತ್ತದೆ. ಒಂದೊಂದು ಭಾಷೆಯ ವಿಕಿಪೀಡಿಯದ ನಿಯಮ ಒಂದೊಂದು ತರಹ, ಕನ್ನಡದಲ್ಲಿ ಬರೆಯುವುದಾದರೆ ಅಲ್ಲಿನ ಅರಳಿ ಕಟ್ಟೆಯಲ್ಲಿ (ಬರೆಯುವವರೆಲ್ಲ ಸೇರಿ ಚರ್ಚಿಸುವ ಪುಟ) ಮೊದಲೇ ಕೇಳಿ. ಸುಮ್ನೆ ಕೇಳಿದರೂ ಯಾರಾದರೂ ಉತ್ತರ ಕೊಡುತ್ತಾರೆ.

ಎಲ್ಲ ನೋಡಿಯೂ ಪುಟಕ್ಕೆ ಆಗುವಷ್ಟು ಸಿಗಲಿಲ್ಲ ಅಂದರೆ, ಕಾಲೇಜಿನದ್ದೇ ಪುಟ ಇದೆಯಾ ನೋಡಿ, ಅದರಲ್ಲಿ ಅವರ ಕಾಲದಲ್ಲಿ ಆದ ಕೆಲಸವನ್ನು ಎರಡು ಸಾಲಿನಲ್ಲಿ ಆಧಾರದೊಂದಿಗೆ ಸೇರಿಸಿ. ಬರೆದ ಕರಡು ನಿಮ್ಮ ವಿಕಿಪೀಡಿಯ ಖಾತೆಯ ಪ್ರಯೋಗಪುಟದಲ್ಲಿ (ಬರೆದು ಅಭ್ಯಾಸ ಮಾಡುವ ಪುಟ) ಇರಲಿ. ನಾಳೆ ಯಾರಾದರೂ ಅವರ ಮೇಲೆ ಒಂದು ಒಳ್ಳೆ ಲೇಖನ ಬರೆದರೆ ಆಗ ಮತ್ತೆ ತೆಗೆದರಾಯ್ತು.