ಮಕ್ಕಳ ಲಿವರ್ ಕಸಿಯಲ್ಲಿ ಪುಟ್ಟ ಪಿತ್ತನಾಳಕ್ಕೆ ನಾಳ ಜೋಡಿಸಿದ ನನ್ನ ಅನುಭವ

"ರೂ ಲಿಂಬ್ ಇರುವಾಗ ಮಕ್ಕಳಿಗೆ ಡಕ್ಟ್-ಟು-ಡಕ್ಟ್ ಹುಚ್ಚು ಯಾಕಯ್ಯಾ?" ಅಂತ ನಮ್ಮ ಹಿರಿಯ ಸರ್ಜನ್ ರೇಗಿದ್ದರು. ಹೊಸ ಲಿವರಿನ ಪಿತ್ತನಾಳವನ್ನು ಮಗುವಿನ ಸ್ವಂತ ಪಿತ್ತನಾಳಕ್ಕೇ ಹೊಲಿಯುವುದು ಡಕ್ಟ್-ಟು-ಡಕ್ಟ್. ಕರುಳಿನ ಒಂದು ತುಂಡನ್ನು ಮೇಲೆ ತಂದು ಅದಕ್ಕೆ ಹೊಲಿಯುವುದು ರೂ, ಆ ಕರುಳೇ ರೂ ಲಿಂಬ್. ತಪ್ಪೇನಿಲ್ಲ, ನನ್ನ ಮೊದಲ ಎರಡೂ ಕೇಸು ಕೆಟ್ಟಿದ್ದವು.

ಬಿಲಿಯರಿ ಅಟ್ರೀಸಿಯಾ (ಪಿತ್ತನಾಳವೇ ಮುಚ್ಚಿಹೋಗುವ ಕಾಯಿಲೆ) ಮಕ್ಕಳ ಮಾತಲ್ಲ ಇದು. ಅವರಿಗೆ ಜೋಡಿಸಲು ಸ್ವಂತ ನಾಳವೇ ಇಲ್ಲ, ಕಸಾಯ್ (ಲಿವರಿಗೆ ನೇರ ಕರುಳು ಹೊಲಿಯುವ ಆಪರೇಷನ್) ಆಗಿದ್ದರೆ ಹಳೇ ಲಿಂಬ್ ಹೇಗೂ ಇರುತ್ತದೆ. ವಿಲ್ಸನ್ (ಲಿವರಿನಲ್ಲಿ ತಾಮ್ರ ಕೂಡುವ ಕಾಯಿಲೆ), ಬೇರೆ ಮೆಟಬಾಲಿಕ್ ಕಾಯಿಲೆ, ದಿಢೀರ್ ಲಿವರ್ ಫೇಲ್ಯೂರ್ ಆದ ಮಕ್ಕಳಿಗೆ ಮಾತ್ರ ಡಕ್ಟ್-ಟು-ಡಕ್ಟ್ ಅಂತ ನನ್ನ ಹಟ.

ಮೊದಲ ಮಗು ಸುಮಾರು 9 ಕೆಜಿ. ಆರನೇ ದಿನ ಡ್ರೈನ್ (ಹೊಟ್ಟೆಯ ದ್ರವ ಹೊರಹಾಕುವ ಕೊಳವೆ) ಹಸಿರಾಯಿತು, ಅಂದರೆ ಪಿತ್ತ ಸೋರುತ್ತಿತ್ತು. ಹೊಟ್ಟೆ ತೆಗೆದರೆ ಮಗುವಿನ ನಾಳದ ತುದಿ ಕಪ್ಪಗಾಗಿತ್ತು. ಚೆಂದ ಕಾಣಲಿ ಅಂತ ನಾಳವನ್ನು ಬಾಳೆದಿಂಡಿನ ಹಾಗೆ ಸುಲಿದಿದ್ದೆ. ಗಡಿಯಾರದ 3 ಗಂಟೆ, 9 ಗಂಟೆಯ ಜಾಗದಲ್ಲಿ ನಾಳಕ್ಕೆ ರಕ್ತ ಕೊಡುವ ರಕ್ತನಾಳ ಎರಡೂ ಹೋಗಿದ್ದವು. ಅವತ್ತೇ ರೂಗೆ ತಿರುಗಿಸಿದೆ.

ಎರಡನೆಯದಕ್ಕೆ ಮೂರನೇ ತಿಂಗಳಲ್ಲಿ ಸ್ಟ್ರಿಕ್ಚರ್, ಅಂದರೆ ಜೋಡಿಸಿದಲ್ಲಿ ನಾಳ ಕಿರಿದಾಯಿತು. ಪಿತ್ತ ಕಟ್ಟಿ ಮಗು ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿತ್ತು. ಲಿವರ್‌ಗೆ ಸೂಜಿ ಚುಚ್ಚಿ, ನಾಳ ಹಿಗ್ಗಿಸಲು ಮೂರು ಸಲ ಬಲೂನ್ ಹಾಕಿಸಿದೆವು, ಸಲಕ್ಕೆ 50-60 ಸಾವಿರ. ಮೂರನೇ ಸಲ ಬಂದಾಗ ಆ ತಾಯಿಯ ಕೈಯಲ್ಲಿ ಬಳೆ ಇರಲಿಲ್ಲ.

ಆಮೇಲೆ ಭಾನುವಾರ ಮಟನ್ ಅಂಗಡಿಯಿಂದ ಕುರಿ ಲಿವರ್ ತಂದು ಅದರ ನಾಳ ಹೊಲಿದು ಅಭ್ಯಾಸಕ್ಕೆ ಕೂರುತ್ತಿದ್ದೆ. "ನಾಳ ಇಟ್ಕೊಂಡು ಲಿವರ್ ವಾಪಸ್ ಕೊಡ್ತೀರಾ ಸಾರ್?" ಅಂತ ಅಂಗಡಿಯವನ ತಮಾಷೆ. ನಾಳದ ಹಿಂಬದಿಗೆ ಒಂದೇ ದಾರದ ಕಂಟಿನ್ಯುಯಸ್ ಹೊಲಿಗೆ ಹಾಕಿ ನೋಡಿದೆ. ಎಳೆದ ಕೂಡಲೇ ಚೀಲದ ಬಾಯಿ ಕಟ್ಟಿದ ಹಾಗೆ ಮುದುಡಿತು. ಅಲ್ಲಿಗೆ ಅದನ್ನು ಬಿಟ್ಟೆ.

ಈಗ ಮಗುವಿನ ನಾಳವನ್ನು ಸುತ್ತಲಿನ ಅಂಗಾಂಶದ ಸಮೇತ ಬಿಡುತ್ತೇನೆ, ಹೈಲಮ್‌ನಲ್ಲಿ (ನಾಳ ಲಿವರಿನಿಂದ ಹೊರಬರುವ ಜಾಗ) ಆದಷ್ಟು ಮೇಲೆ ಕತ್ತರಿಸುತ್ತೇನೆ. ಕಾಟರಿ (ಸುಟ್ಟು ರಕ್ತ ನಿಲ್ಲಿಸುವ ಸಾಧನ) ಹತ್ತಿರ ಸುಳಿಯಬಾರದು. ಎರಡೂ ತುದಿಯಲ್ಲಿ ಕೆಂಪು ರಕ್ತ ಜಿನುಗಬೇಕು. ಜಿನುಗದಿದ್ದರೆ ಇನ್ನಷ್ಟು ಕತ್ತರಿಸು, ಆಗ ಉದ್ದ ಸಾಲದಿದ್ದರೆ ಸುಮ್ನೆ ರೂ ಮಾಡು. 7-0 ಪಿಡಿಎಸ್ (ತಾನೇ ಕರಗುವ ಬಲು ಸಣ್ಣ ದಾರ), ಬಿಡಿ ಹೊಲಿಗೆ, ಗಂಟು ಹೊರಗೆ. ಒಳಗೆ 4 ಫ್ರೆಂಚ್ (ಸುಮಾರು 1.3 ಮಿಮೀ ದಪ್ಪದ) ಸ್ಟೆಂಟ್ ಕೊಳವೆ ಇಟ್ಟೂ ನೋಡಿದೆ, ಇಡದೆಯೂ ನೋಡಿದೆ. ನನಗೇನೂ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಎಡಮೂಲೆಯ ಮೊದಲ ಹೊಲಿಗೆ ಹಿಡಿಯುವ ರೀತಿ ಮಾತ್ರ ಬರೆಯಲ್ಲ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಆಮೇಲಿನ 14-15 ಮಕ್ಕಳಲ್ಲಿ ಒಂದು ಲೀಕ್, ತಾನಾಗೇ ನಿಂತಿತು. ಒಂದು ಸ್ಟ್ರಿಕ್ಚರ್, ಇಆರ್‌ಸಿಪಿಯಲ್ಲೇ (ಬಾಯಿಂದ ಎಂಡೋಸ್ಕೋಪ್ ಇಳಿಸಿ ನಾಳ ಬಿಡಿಸುವುದು) ಬಗೆಹರಿಯಿತು. ಲಿವರ್‌ಗೆ ಸೂಜಿ ಚುಚ್ಚುವ ಪ್ರಸಂಗವೇ ಬರಲಿಲ್ಲ. ರೇಗಿದ್ದ ಸರ್ಜನ್ ಈಗ ತಮ್ಮ ಕೇಸಿಗೂ ಕರೆಯುತ್ತಾರೆ, ಇರಲಿ.

ಗ್ರಾಫ್ಟ್‌ನಲ್ಲಿ, ಅಂದರೆ ದಾನಿಯ ಲಿವರ್ ತುಂಡಿನಲ್ಲಿ, 2 ಮತ್ತು 3ನೇ ಸೆಗ್ಮೆಂಟಿನ (ಭಾಗದ) ನಾಳಗಳು ದೂರ ದೂರ ತೆರೆದಿದ್ದರೆ ನಾನು ಹಟ ಹಿಡಿಯಲ್ಲ. ಮೊನ್ನೆ ಹಾಗೇ ಆಯಿತು. ನಡುವೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ರೂ ಮಾಡಿ ರಾತ್ರಿ ಎರಡಕ್ಕೆ ಮನೆಗೆ ಹೋದೆ.