ಗೈಡ್ ನಂಬರ್ ನೋಡದೆ ಫ್ಲ್ಯಾಶ್ ಆರಿಸಿದೆ: ಮಿರರ್‌ಲೆಸ್‌ ಜೊತೆ ನನ್ನ ಅನುಭವ

ಕ್ಯಾಮೆರಾ ಯಾವ ಕಂಪನಿಯದೋ ಫ್ಲ್ಯಾಶೂ ಅದೇ ಕಂಪನಿಯದು ತಗೋ, ಅದರಲ್ಲೂ ಟಾಪ್ ಮಾಡೆಲ್ಲೇ ತಗೋ, ಆಮೇಲೆ ತಲೆನೋವು ಇರಲ್ಲ. ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗೆ) ಬಂದಾಗ ನನಗೆ ಸಿಕ್ಕ ಸಲಹೆ ಇದೊಂದೇ. ನಾನು ಮಾಡಿದ್ದು ಬೇರೆ. ಕ್ಯಾಮೆರಾ ಮೇಲೆ ಒಂದು ಚಿಕ್ಕ ಟಿಟಿಎಲ್ ಫ್ಲ್ಯಾಶ್ (ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾನೇ ಲೆಕ್ಕ ಹಾಕುವಂಥದ್ದು), ಸ್ಟ್ಯಾಂಡ್ ಮೇಲೆ ಎರಡು ಫ್ಲ್ಯಾಶ್ ಮ್ಯಾನುಯಲ್‌ನಲ್ಲಿ (ಪವರ್ ನಾನೇ ಇಡೋದು), ಮೂರೂ ಒಂದೇ ರೇಡಿಯೋದಲ್ಲಿ. ಮೂರಕ್ಕೂ ಸೇರಿ ಕೊಟ್ಟ ದುಡ್ಡು ಆ ಟಾಪ್ ಮಾಡೆಲ್ ಒಂದರ ಬೆಲೆಯ ಅರ್ಧದ ಹತ್ತಿರ. "ಜನ ಓಡಾಡೋ ಕಡೆ ಮ್ಯಾನುಯಲ್ ಇಟ್ಕೊಂಡು ಏನ್ ಮಾಡ್ತೀಯ" ಅಂತ ಜೊತೆಗೆ ಶೂಟ್ ಮಾಡುವ ಗೆಳೆಯ ಕೇಳಿದ್ದ. ಒಂದು ಸೀಸನ್ ಪೂರ್ತಿ ಒಳಾಂಗಣದ ಫಂಕ್ಷನ್‌ಗಳನ್ನೆಲ್ಲ ಇದರಲ್ಲೇ ಮುಗಿಸಿದೆ. ಈಗ ಅವನೂ ಇದೇ ಸೆಟ್ ಕಟ್ಟಿಕೊಂಡಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗೈಡ್ ನಂಬರ್, ಅಂದರೆ ಫ್ಲ್ಯಾಶ್ ಎಷ್ಟು ಶಕ್ತಿಯದು ಅಂತ ಹೇಳುವ ಅಂಕಿ, ಅದರ ವಿಷಯ ಮುಗಿಸಿಬಿಡೋಣ. ಡಬ್ಬದ ಮೇಲೆ 60 ಅಂತ ಇದ್ದರೆ ಅದು ಸಾಮಾನ್ಯವಾಗಿ ಬೆಳಕು ಕಿರಿದಾಗುವಂತೆ ಹೆಡ್ಡನ್ನು 200 ಎಂಎಂ ತನಕ ಝೂಮ್ ಮಾಡಿ ಹೇಳಿದ ಅಂಕಿ. ಸೀಲಿಂಗಿಗೆ ಬೌನ್ಸ್ ಮಾಡುವವನಿಗೆ ಅದರಿಂದ ಏನು ಉಪಯೋಗ? ನಾವು ಹೆಡ್ಡನ್ನು 24ಕ್ಕೋ 35ಕ್ಕೋ ಇಟ್ಟಿರುತ್ತೇವೆ. ಅಲ್ಲಿ ಅದೇ ಫ್ಲ್ಯಾಶ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. 28 ಅಂತ ಹಿಡಿಯಿರಿ. ಕಾಲು ಪವರ್‌ಗೆ ಇಳಿಸಿದರೆ 14. ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) 100ರಿಂದ 1600ಕ್ಕೆ ಏರಿಸಿದರೆ ನಾಲ್ಕು ಪಟ್ಟು, ಅಂದರೆ 56. ಫ್ಲ್ಯಾಶ್‌ನಿಂದ ಸೀಲಿಂಗಿಗೆ, ಅಲ್ಲಿಂದ ಮುಖಕ್ಕೆ ಒಟ್ಟು ಏಳು ಮೀಟರ್ ದಾರಿ ಇದ್ದರೆ, 56ನ್ನು ಏಳರಿಂದ ಭಾಗಿಸಿ, ಅಪರ್ಚರ್ ಎಫ್/8 ಬರುತ್ತದೆ. ಬಿಳಿ ಸೀಲಿಂಗ್ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ನುಂಗಿತು ಅಂದುಕೊಳ್ಳಿ, ಎಫ್/4 ಉಳಿಯಿತು. ಫಂಕ್ಷನ್‌ಗೆ ಇದಕ್ಕಿಂತ ಜಾಸ್ತಿ ಏನು ಬೇಕು? ಅದೂ ಕಾಲು ಪವರ್‌ನಲ್ಲಿ.

ಕನ್ನಡಿ ಇರುವ ಹಳೆ ಡಿಎಸ್‌ಎಲ್‌ಆರ್‌ಗಳಲ್ಲಿ ಐಎಸ್‌ಒ 1600 ಅಂದರೆ ಎದೆ ಢವಢವ ಅನ್ನುತ್ತಿತ್ತು, ಅದಕ್ಕೇ ಫುಲ್ ಪವರ್ ಬೇಕಾಗುತ್ತಿತ್ತು. ಈಗಿನ ಸೆನ್ಸರ್‌ಗಳಲ್ಲಿ 1600 ಆರಾಮ. ಆದರೆ ನಮ್ಮವರು ಇನ್ನೂ ಹಳೆ ಲೆಕ್ಕದಲ್ಲೇ ಫ್ಲ್ಯಾಶ್ ಆರಿಸುತ್ತಾರೆ. ಒಂದು ಫ್ಲ್ಯಾಶ್ ಫುಲ್ ಪವರ್‌ನಲ್ಲಿ ಕೊಡುವ ಬೆಳಕನ್ನು ಎರಡು ಫ್ಲ್ಯಾಶ್ ಅರ್ಧ ಪವರ್‌ನಲ್ಲಿ ಕೊಡುತ್ತವೆ, ಎರಡೂ ಬೇಗ ರೀಸೈಕಲ್ ಆಗುತ್ತವೆ (ಮುಂದಿನ ಹೊಡೆತಕ್ಕೆ ಮತ್ತೆ ಚಾರ್ಜ್ ಆಗುತ್ತವೆ), ಬಿಸಿಯೂ ಹಂಚಿಹೋಗುತ್ತದೆ. ಥರ್ಮಲ್ ಪ್ರೊಟೆಕ್ಷನ್ ಅಂತ ಫ್ಲ್ಯಾಶ್ ನಡುವೆ ಕೈಕೊಡೋದು ಈ ಸೆಟ್‌ನಲ್ಲಿ ನನಗೆ ಒಮ್ಮೆಯೂ ಆಗಿಲ್ಲ.

ಇನ್ನು ಶೂ, ಅಂದರೆ ಕ್ಯಾಮೆರಾ ತಲೆ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ. ದುಡ್ಡು ಎಲ್ಲಿ ಹಾಕಬೇಕು ಅನ್ನೋದನ್ನು ನನಗೆ ಕಲಿಸಿದ್ದೇ ಇದು. ಸೋನಿ 2012ರಲ್ಲಿ ಮಲ್ಟಿ ಇಂಟರ್‌ಫೇಸ್ ಶೂ ತಂದಾಗ ಮಿನೋಲ್ಟಾ ಕಾಲದಿಂದ ಬಂದ ಫ್ಲ್ಯಾಶ್‌ಗಳಿಗೆಲ್ಲ ಅಡಾಪ್ಟರ್ ಬೇಕಾಯಿತು. ಕ್ಯಾನನ್ 2021ರಲ್ಲಿ ಆರ್3 ಜೊತೆ ಹೊಸ ಮಲ್ಟಿ ಫಂಕ್ಷನ್ ಶೂ ತಂದಿತು. ಆ ಶೂಗೆಂದೇ ಮಾಡಿದ ಇಎಲ್-5 ಹಳೆ ಶೂ ಇರುವ ಬಾಡಿಗಳಲ್ಲಿ ಕೆಲಸವೇ ಮಾಡಲ್ಲ. ಅಂದರೆ ಸಿಸ್ಟಮ್ ಬದಲಾದಾಗ ಮೊದಲು ಬೇಡವಾಗೋದು ಕ್ಯಾಮೆರಾ ತಲೆ ಮೇಲೆ ಕೂರುವ ಫ್ಲ್ಯಾಶ್. ಅದು ಚಿಕ್ಕದಾಗಿರಲಿ, ಅಗ್ಗದ್ದಾಗಿರಲಿ. ಸ್ಟ್ಯಾಂಡ್ ಮೇಲೆ ನಿಲ್ಲುವ ಫ್ಲ್ಯಾಶ್‌ಗೆ ಶೂ ಯಾವುದಾದರೇನು, ಅದಕ್ಕೆ ಬೇಕಾಗಿರೋದು ರೇಡಿಯೋ ಮಾತ್ರ. ದುಡ್ಡು ಸ್ಟ್ಯಾಂಡ್ ಕಡೆ ಹೋಗಬೇಕು.

ನಾನು ಆರಿಸಿದ್ದು ಗೊಡಾಕ್ಸ್‌ನ 2.4 ಗಿಗಾಹರ್ಟ್ಸ್ ಎಕ್ಸ್ ಸಿಸ್ಟಮ್. ಕ್ಯಾಮೆರಾ ಮೇಲೆ ಟಿಟಿ350, ಎರಡೇ ಎಎ ಸೆಲ್ ಹಿಡಿಯುವ ಪುಟ್ಟದು, ಗೈಡ್ ನಂಬರ್ 36. ಸ್ಟ್ಯಾಂಡ್ ಫ್ಲ್ಯಾಶ್‌ಗಳನ್ನು ರೇಡಿಯೋದಲ್ಲಿ ಹೊಡೆಸುವ ಟ್ರಿಗರ್ ಕೆಲಸವನ್ನೂ ಇದೇ ಮಾಡುತ್ತದೆ, ಹಾಗಾಗಿ ಟ್ರಿಗರ್‌ನ ದುಡ್ಡು ಉಳಿಯಿತು. ಮೊದಲ ಸ್ಟ್ಯಾಂಡ್ ಮೇಲೆ ಒಂದು ಟಿಟಿ600. ಇದು ಬರೀ ಮ್ಯಾನುಯಲ್, ಬುಡದಲ್ಲಿ ಒಂದೇ ಪಿನ್, ಕ್ಯಾಮೆರಾ ಮೇಲೆ ನೇರ ಕೂರಿಸಿದರೆ ಎಚ್‌ಎಸ್‌ಎಸ್ (ತುಂಬಾ ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದಿಸುವ ಹೈ-ಸ್ಪೀಡ್ ಸಿಂಕ್) ಇಲ್ಲ. ಆದರೆ ರೇಡಿಯೋದಲ್ಲಿ ಅದೇ ಫ್ಲ್ಯಾಶ್ ಎಚ್‌ಎಸ್‌ಎಸ್ ಮಾಡುತ್ತದೆ. ಎರಡನೇ ಸ್ಟ್ಯಾಂಡಿನದು ಸೆಕೆಂಡ್ ಹ್ಯಾಂಡ್. ಬೇರೆ ಸಿಸ್ಟಮ್‌ಗೆ ಹೋದವರೊಬ್ಬರು ತಮ್ಮ ಹಳೆ ಕ್ಯಾಮೆರಾ ಶೂ ಇರುವ ಟಿಟಿ685 ಅನ್ನು ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಬಿಟ್ಟುಕೊಟ್ಟರು. "ನಿಮ್ಮ ಕ್ಯಾಮೆರಾಗೆ ಇದು ಕೂರಲ್ಲ, ನೋಡಿ ತಗೊಳ್ಳಿ" ಅಂತ ಪಾಪ ಅವರೇ ಎಚ್ಚರಿಕೆ ಹೇಳಿದರು. ಕೂರೋದೇ ಬೇಡವಾಗಿತ್ತು ನನಗೆ. ನನ್ನ ಪುಟ್ಟ ಮಾಸ್ಟರ್, ಆ ಟಿಟಿ350, ಅದನ್ನು ಮೊದಲ ಸಲಕ್ಕೇ ಹಿಡಿಯಿತು. ಸಿಸ್ಟಮ್ ಬದಲಿಸುವವರು ಮಾರುವ ಫ್ಲ್ಯಾಶ್‌ಗಳ ಮೇಲೆ ಒಂದು ಕಣ್ಣಿಡಿ, ಇದಕ್ಕಿಂತ ಅಗ್ಗದ ದಾರಿ ನಾನು ಕಂಡಿಲ್ಲ.

ಇದಕ್ಕೂ ಮುಂಚೆ ದುಡ್ಡು ಹೋದ ಕಥೆ ಹೇಳಲೇಬೇಕು. ಮೊದಲು ನನ್ನ ಹತ್ತಿರ ಇದ್ದದ್ದು ಅರ್ಧ ಕಿಲೋಗಿಂತ ಭಾರದ ಒಂದು ದೊಡ್ಡ ಫ್ಲ್ಯಾಶ್. ಮಿರರ್‌ಲೆಸ್ ಬಾಡಿ ತೂಕವೇ ಅಷ್ಟಿರುವಾಗ ಮೇಲೆ ಅಷ್ಟು ಭಾರ ಕೂತರೆ ಕ್ಯಾಮೆರಾ ವಾಲುತ್ತಲೇ ಇರುತ್ತದೆ, ಸಂಜೆ ಹೊತ್ತಿಗೆ ಮಣಿಕಟ್ಟು ನೋವು. ಆಮೇಲೆ ಅದರ ಫುಟ್, ಅಂದರೆ ಶೂಗೆ ಕೂರುವ ಬುಡ, ಸಡಿಲವಾಯಿತು. ಚೆನ್ನಾಗೇ ಕೂತಿದೆ ಅಂತ ಕಾಣುತ್ತದೆ, ಹತ್ತು ಫೋಟೋದಲ್ಲಿ ಎರಡು ಕತ್ತಲು. ಫುಟ್ ಬದಲಿಸಿದೆ, ಫ್ಲ್ಯಾಶ್ ಬೆಲೆಯ ಹತ್ತರಲ್ಲೊಂದು ಭಾಗ ಅದಕ್ಕೇ ಹೋಯಿತು. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಈಗ ಯಾವ ಫ್ಲ್ಯಾಶ್ ತಗೊಂಡರೂ ಒಂದು ಪರೀಕ್ಷೆ ಮಾಡುತ್ತೇನೆ. ಶೂಗೆ ಕೂರಿಸಿ, ಲಾಕ್ ಮಾಡಿ, ಆನ್ ಮಾಡಿ, ಸ್ಕ್ರೀನ್‌ನಲ್ಲಿ ಫ್ಲ್ಯಾಶ್ ಗುರುತು ಬಂದ ಮೇಲೆ ಹೆಡ್ಡನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸುತ್ತೇನೆ. ಆ ಗುರುತು ಒಮ್ಮೆ ಮಿಟುಕಿದರೂ ಸಾಕು, ವಾಪಸ್. ಮಿರರ್‌ಲೆಸ್ ಶೂಗಳ ಪಿನ್‌ಗಳು ಸಣ್ಣವು, ಕೂದಲೆಳೆ ಸರಿದರೂ ಸಂಪರ್ಕ ಹೋಗುತ್ತದೆ.

ವ್ಯೂಫೈಂಡರ್ ಕತ್ತಲಾಗುವ ಸಮಸ್ಯೆ ನಿಮಗೆಲ್ಲ ಗೊತ್ತೇ ಇದೆ. ಶಟರ್ 1/160, ಎಫ್/4 ಇಟ್ಟು ಒಳಗೆ ಹೋದರೆ, ಆ ಎಕ್ಸ್‌ಪೋಶರ್‌ಗೆ ತಕ್ಕ ಕತ್ತಲನ್ನೇ ಫೈಂಡರ್ ತೋರಿಸಿ, ಏನೂ ಕಾಣಲ್ಲ. ಟಿಟಿಎಲ್ ಮಾತಾಡುವ ಫ್ಲ್ಯಾಶ್ ಮೇಲಿದ್ದರೆ ಕ್ಯಾಮೆರಾಗೆ ಫ್ಲ್ಯಾಶ್ ಇದೆ ಅಂತ ಗೊತ್ತಾಗಿ, ಸುಮಾರು ಬಾಡಿಗಳು ಪ್ರಿವ್ಯೂವನ್ನು ತಾವೇ ಬೆಳಗಿಸುತ್ತವೆ. ಒಂದೇ ಪಿನ್‌ನ ಟ್ರಿಗರ್ ಹಾಕಿದರೆ ಎಕ್ಸ್‌ಪೋಶರ್ ಪ್ರಿವ್ಯೂವನ್ನು ನಾವೇ ಆಫ್ ಮಾಡಬೇಕು. ಚಿಕ್ಕದಾದರೂ ಟಿಟಿಎಲ್ ಫ್ಲ್ಯಾಶೇ ಮೇಲಿರಲಿ ಅಂತ ನಾನು ಹಠ ಹಿಡಿದದ್ದು ಅರ್ಧ ಇದಕ್ಕೇ. ಇನ್ನೊಂದು, ಸೈಲೆಂಟ್ ಶಟರ್ ಆನ್ ಇದ್ದರೆ ಹೆಚ್ಚಿನ ಬಾಡಿಗಳಲ್ಲಿ ಫ್ಲ್ಯಾಶ್ ಹೊಡೆಯೋದೇ ಇಲ್ಲ. ನಿಕಾನ್ ಝಡ್9, ಸೋನಿ ಎ1 ತರಹದವು ಬೇರೆ. ಗ್ಲೋಬಲ್ ಶಟರ್ (ಸೆನ್ಸರ್ ಪೂರ್ತಿ ಒಂದೇ ಕ್ಷಣಕ್ಕೆ ಓದುವಂಥದ್ದು) ಇರುವ ಸೋನಿ ಎ9 ಮಾರ್ಕ್ 3ರಲ್ಲಂತೂ ಸಿಂಕ್ ಸ್ಪೀಡ್ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) ಅನ್ನೋ ಮಿತಿಯೇ ಹೋಯಿತು. ಅದು ಎಲ್ಲರ ಕೈಗೂ ಬರುವ ತನಕ ನಮ್ಮದು 1/200, 1/250ರ ಸಂಸಾರ.

ಫ್ಲ್ಯಾಶ್‌ನ ಕೆಂಪು ಫೋಕಸ್ ಲೈಟ್ ನೋಡಿ ಯಾರೂ ದುಡ್ಡು ಕೊಡಬೇಡಿ. ಅದು ಡಿಎಸ್‌ಎಲ್‌ಆರ್‌ನ ಫೋಕಸ್ ಸೆನ್ಸರ್‌ಗಾಗಿ ಮಾಡಿದ್ದು, ಸೆನ್ಸರ್ ಮೇಲೇ ಫೋಕಸ್ ಮಾಡುವ ಮಿರರ್‌ಲೆಸ್‌ಗೆ ಹೆಚ್ಚಾಗಿ ಪ್ರಯೋಜನ ಇಲ್ಲ.

ಈಗ ಜನ ಓಡಾಡೋ ಕಡೆ ಮ್ಯಾನುಯಲ್ ಯಾಕೆ ಅನ್ನೋ ಗೆಳೆಯನ ಪ್ರಶ್ನೆಗೆ ಉತ್ತರ. ಸ್ಟ್ಯಾಂಡ್‌ಗಳು ಕೋಣೆಯ ಎದುರುಬದುರು ಮೂಲೆಯಲ್ಲಿ, ಎರಡೂವರೆ ಮೀಟರ್ ಎತ್ತರ, ಹೆಡ್ ಸೀಲಿಂಗಿಗೆ. ಬೆಳಕು ಹಾಗೆ ಹರಡಿದ ಮೇಲೆ ಜನ ಎಲ್ಲಿ ಓಡಾಡಿದರೂ ನಡುವಿನ ಜಾಗದಲ್ಲಿ ವ್ಯತ್ಯಾಸ ಒಂದು ಸ್ಟಾಪ್ ಒಳಗೇ ಇರುತ್ತದೆ. ಆಮೇಲೆ ಚೆನ್ನಾಗಿ ತಿದ್ದಬಹುದಾದ ರಾ ಫೈಲ್‌ಗೆ ಒಂದು ಸ್ಟಾಪ್ ಯಾವ ಲೆಕ್ಕ? ಮ್ಯಾನುಯಲ್ ಆದ್ದರಿಂದ ಕಪ್ಪು ಕೋಟಿನವರು ಬಂದರೂ ಬಿಳಿ ಬಟ್ಟೆಯವರು ಬಂದರೂ ಎಕ್ಸ್‌ಪೋಶರ್ ಅಲ್ಲಾಡಲ್ಲ, ಟಿಟಿಎಲ್‌ನಲ್ಲಿ ಅಲ್ಲಾಡುತ್ತದೆ. ನೂರಾರು ಫೋಟೋ ಒಂದೇ ಸಲಕ್ಕೆ ಎಡಿಟ್ ಆಗಿ ಹೋಗುತ್ತವೆ, ಮೊದಲು ಎರಡು ದಿನ ತಿನ್ನುತ್ತಿದ್ದ ಕೆಲಸ ಈಗ ಅರ್ಧ ದಿನ. ಕ್ಯಾಮೆರಾ ಮೇಲಿನ ಪುಟ್ಟದನ್ನು ಟಿಟಿಎಲ್‌ನಲ್ಲಿ ಬಿಟ್ಟು ಕಾಂಪನ್ಸೇಶನ್ (ಅದರ ಬೆಳಕು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ ಒಂದೂವರೆ ಅಥವಾ ಎರಡಕ್ಕೆ ಇಳಿಸುತ್ತೇನೆ. ಇಳಿಸಲೇಬೇಕು, ಯಾಕೆಂದರೆ ಫೋಟೋಗೆ ಮುಂಚೆ ಬೆಳಕು ಅಳೆಯಲು ಹೊಡೆಯುವ ಪ್ರೀ-ಫ್ಲ್ಯಾಶ್ ಹೊತ್ತಿಗೆ ಮ್ಯಾನುಯಲ್ ಫ್ಲ್ಯಾಶ್‌ಗಳು ಸುಮ್ನೆ ಇರುತ್ತವೆ, ಅವುಗಳ ಬೆಳಕು ಕ್ಯಾಮೆರಾದ ಲೆಕ್ಕಕ್ಕೆ ಬರಲ್ಲ. ಹಾಗೇ ಬಿಟ್ಟರೆ ಹತ್ತಿರದ ಮುಖಗಳು ಸುಣ್ಣ ಬಳಿದ ಹಾಗೆ ಬರುತ್ತವೆ.

ಬ್ಯಾಟರಿ ವಿಷಯದಲ್ಲಿ ನಾನು ಜಿಪುಣನಲ್ಲ. ಆಲ್ಕಲೈನ್ ಹಾಕಿದರೆ ಮೊದಲ ಇಪ್ಪತ್ತು ಫೋಟೋ ಚೆನ್ನ, ಆಮೇಲೆ ಕಾಯುತ್ತಾ ನಿಲ್ಲೋದು. 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲೇ ಬೇಕು, 2000 ಎಂಎಎಚ್ ಆಸುಪಾಸಿನದು, ಇಟ್ಟಲ್ಲೇ ಚಾರ್ಜ್ ಕಳೆದುಕೊಳ್ಳದಂಥದ್ದು. ಮೈಮೇಲೆ ದೊಡ್ಡ ಅಂಕಿ ಬರೆದ ಅಗ್ಗದ ಸೆಲ್‌ಗಳನ್ನೂ ತಂದು ನೋಡಿದೆ. ಪರೀಕ್ಷೆ ಹೇಗೆ ಅಂದರೆ, ಫ್ಲ್ಯಾಶ್‌ನ ಬೀಪ್ ಆನ್ ಮಾಡಿ, ಪಕ್ಕದಲ್ಲಿ ಫೋನಿನ ವಾಯ್ಸ್ ರೆಕಾರ್ಡರ್ ಇಟ್ಟು, ಫುಲ್ ಪವರ್‌ನಲ್ಲಿ ಇಪ್ಪತ್ತು ಸಲ ಹೊಡೆಸಿ. ಆಮೇಲೆ ರೆಕಾರ್ಡಿಂಗ್‌ನ ಗೆರೆ ನೋಡಿದರೆ ಹೊಡೆದ ಟಪ್ ಸದ್ದಿಗೂ ರೆಡಿ ಬೀಪ್‌ಗೂ ನಡುವಿನ ಸಮಯ ಅಳೆಯಬಹುದು. ಒಳ್ಳೆ ಸೆಲ್ ಎರಡೂವರೆ ಸೆಕೆಂಡಿನಲ್ಲಿ ಶುರುವಾಗಿ ಕೊನೆಯ ತನಕ ಮೂರರ ಒಳಗಿತ್ತು. ಅಗ್ಗದ್ದು ಹತ್ತನೇ ಹೊಡೆತಕ್ಕೇ ಐದು ದಾಟಿತು. ಅದನ್ನೆಲ್ಲ ಗೋಡೆ ಗಡಿಯಾರಕ್ಕೂ ರಿಮೋಟ್‌ಗೂ ಹಂಚಿದೆ. ಲಿಥಿಯಂ ಪ್ಯಾಕ್ ಇರುವ ಫ್ಲ್ಯಾಶ್‌ಗಳು ಇನ್ನೂ ಚುರುಕು, ಸುಮಾರು ಒಂದೂವರೆ ಸೆಕೆಂಡ್. ಆದರೆ ಆ ಪ್ಯಾಕ್ ಹೋದರೆ ಅದೇ ಮಾಡೆಲ್ಲಿನದೇ ಬೇಕು, ಸ್ಪೇರ್‌ನ ಬೆಲೆಯೂ ಜಾಸ್ತಿ. ಎಎ ಆದರೆ ಮೂರು ಫ್ಲ್ಯಾಶ್‌ಗೂ ಒಂದೇ ಚಾರ್ಜರ್.

ನಡುವೆ ಒಂದು ಅಡ್ಡ ಪ್ರಯೋಗ. ಫಿಲ್ಮ್ ಕಾಲದ ಹಳೆ ಫ್ಲ್ಯಾಶ್ ಒಂದು ಬಿಟ್ಟಿ ಸಿಕ್ಕಿತು, ಅದನ್ನೂ ಸೇರಿಸೋಣ ಅನ್ನಿಸಿತು. ಮೊದಲು ಅದನ್ನು ಚಾರ್ಜ್ ಮಾಡಿ, ನಡುವಿನ ಪಿನ್‌ಗೂ ಬದಿಯ ಲೋಹಕ್ಕೂ ಮಲ್ಟಿಮೀಟರ್ ಹಿಡಿದೆ. 180 ವೋಲ್ಟ್ ಹತ್ತಿರ ತೋರಿಸಿತು. ಮಿರರ್‌ಲೆಸ್ ಶೂ ಮೇಲೆ ಇಟ್ಟಿದ್ದರೆ ಬಾಡಿ ಸುಟ್ಟುಹೋಗಬಹುದಿತ್ತು. ಅದನ್ನು ಆಪ್ಟಿಕಲ್ ಸ್ಲೇವ್‌ಗೆ (ಬೇರೆ ಫ್ಲ್ಯಾಶ್‌ನ ಬೆಳಕು ಕಂಡ ಕೂಡಲೇ ಹೊಡೆಸುವ ಸಾಧನಕ್ಕೆ) ಹಾಕಿದೆ, ಅಲ್ಲಿ ಇನ್ನೊಂದು ರಗಳೆ: ಟಿಟಿಎಲ್‌ನ ಪ್ರೀ-ಫ್ಲ್ಯಾಶ್‌ಗೇ ಹೊಡೆದು, ನಿಜವಾದ ಫೋಟೋ ಹೊತ್ತಿಗೆ ಖಾಲಿ. ಮೇಲಿನದನ್ನೂ ಮ್ಯಾನುಯಲ್ ಮಾಡಿದರೆ ಮಾತ್ರ ಸರಿಯಾಗುತ್ತದೆ. ಈಗ ಅದು ಮನೆಯಲ್ಲಿ ಹಿನ್ನೆಲೆ ಬೆಳಗಿಸುವ ಕೆಲಸಕ್ಕಿದೆ. ಹಾಗೇ ಒಂದು ಸಂಜೆ ಸ್ಟ್ಯಾಂಡ್ ಫ್ಲ್ಯಾಶ್‌ಗಳನ್ನು 1/128ಕ್ಕೆ ಇಳಿಸಿ, ಕತ್ತಲೆ ಕೋಣೆಯಲ್ಲಿ ಬಟ್ಟಲಿಗೆ ನೀರಿನ ಹನಿ ಬೀಳಿಸಿ ತೆಗೆದೆ. ಆ ಪವರ್‌ನಲ್ಲಿ ಫ್ಲ್ಯಾಶ್ ಉರಿಯೋದು ಸೆಕೆಂಡಿನ ಹತ್ತಿಪ್ಪತ್ತು ಸಾವಿರದಲ್ಲಿ ಒಂದು ಭಾಗ ಅಷ್ಟೇ. ಹನಿಯ ಅಂಚಿನ ಒಂದೊಂದು ಚೂರೂ ಚೂಪಾಗಿ ನಿಂತಿತು. ಟಾಪ್ ಮಾಡೆಲ್ ಇದಕ್ಕಿಂತ ಹೆಚ್ಚೇನು ಮಾಡುತ್ತಿತ್ತೋ ನೀವೇ ಹೇಳಿ.

ಹೊರಗಡೆ ಬಿಸಿಲಿನ ಪೋರ್ಟ್ರೇಟ್‌ಗೆ ಮಾತ್ರ ಎಲ್ಲರೂ ನನಗೆ ಸೋಲು ಖಚಿತ ಅಂದಿದ್ದರು. ಎಚ್‌ಎಸ್‌ಎಸ್‌ನಲ್ಲಿ ಸಣ್ಣ ಫ್ಲ್ಯಾಶ್ ಎರಡು ಸ್ಟಾಪ್ ಆದರೂ ಕಳೆದುಕೊಳ್ಳುತ್ತದೆ, ನಿಜ. ನಾನು ಎಚ್‌ಎಸ್‌ಎಸ್ ಬಿಟ್ಟೆ. ಲೆನ್ಸಿಗೆ ಬೆಳಕು ತಗ್ಗಿಸುವ ಮೂರು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಹಾಕಿದೆ. ಎಫ್/2ಕ್ಕೆ 1/1600 ಕೇಳುತ್ತಿದ್ದ ಬೆಳಕು 1/200ಕ್ಕೆ ಬಂತು, ಸಿಂಕ್ ಒಳಗೇ. ಎನ್‌ಡಿ ಫ್ಲ್ಯಾಶ್ ಬೆಳಕನ್ನೂ ಕಡಿಮೆ ಮಾಡುತ್ತದೆ, ಆದರೂ ಬಿಸಿಲಿಗೆ ಹೋಲಿಸಿದರೆ ಎಚ್‌ಎಸ್‌ಎಸ್‌ಗಿಂತ ಜಾಸ್ತಿ ಫ್ಲ್ಯಾಶ್ ಸಿಗುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಎನ್‌ಡಿ ಹಾಕಿದರೆ ಫೈಂಡರ್ ಮಬ್ಬಾಗುತ್ತಿತ್ತು. ಮಿರರ್‌ಲೆಸ್‌ನಲ್ಲಿ ಆ ಕಷ್ಟವೇ ಇಲ್ಲ, ಸ್ಕ್ರೀನ್ ತಾನೇ ಬೆಳಗುತ್ತದೆ, ಕಣ್ಣಿನ ಫೋಕಸ್ಸೂ ಹಿಡಿಯುತ್ತದೆ. ಎರಡು ಸ್ಟ್ಯಾಂಡ್ ಫ್ಲ್ಯಾಶ್ ಒಂದೇ ಬ್ರಾಕೆಟ್‌ಗೆ ಕಟ್ಟಿ ಒಂದೂವರೆ ಮೀಟರ್ ದೂರದಲ್ಲಿ ಇಟ್ಟರೆ ಒಬ್ಬರ ಪೋರ್ಟ್ರೇಟ್‌ಗೆ ಧಾರಾಳ. ನಾಲ್ಕೈದು ಜನರ ಗುಂಪಿಗೆ ಸಾಲಲ್ಲ, ಅಲ್ಲಿ ನೆರಳು ಹುಡುಕುತ್ತೇನೆ.

ಸೀಲಿಂಗ್ ಕಪ್ಪಾಗಿದ್ದರೆ ಅಥವಾ ಮರದ್ದಾಗಿದ್ದರೆ ಏನು ಮಾಡುತ್ತೀರಿ ಅಂತ ಕೇಳುವವರಿಗೆ: ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೇನೆ, ಕೆಲಸ ತಂದುಕೊಡುವ ಉಪಾಯ ಅದು, ಇಲ್ಲಿ ಬರೆಯಲ್ಲ. ಹಿಂದೆ ಇಡುವ ಫ್ಲ್ಯಾಶ್‌ಗೆ ಯಾವ ಜೆಲ್ (ಬಣ್ಣದ ಹಾಳೆ) ಹಾಕುತ್ತೇನೆ ಅನ್ನೋದೂ ನನ್ನಲ್ಲೇ ಇರಲಿ. ಇಷ್ಟು ಹೇಳಬಹುದು, ಹಳದಿ ಬಲ್ಬುಗಳ ಕೋಣೆಗೆ ಮೂರೂ ಫ್ಲ್ಯಾಶ್‌ಗೆ ಸಿಟಿಒ ಅನ್ನೋ ಕಿತ್ತಳೆ ಜೆಲ್ ಹಾಕಿ ವೈಟ್ ಬ್ಯಾಲೆನ್ಸ್ 3200, 3500ರ ಹತ್ತಿರ ಇಟ್ಟರೆ ಅರ್ಧ ಗೆದ್ದ ಹಾಗೆ.

ಸ್ಟ್ಯಾಂಡ್ ಇಡೋಕೆ ಬಿಡದ ಕಡೆ, ಓಡುತ್ತಲೇ ತೆಗೆಯಬೇಕಾದ ಕೆಲಸಕ್ಕೆ ನನ್ನ ಸೆಟ್ ಆಗಲ್ಲ. ಅಂಥವರು ಲಿಥಿಯಂ ಪ್ಯಾಕ್‌ನ ಒಂದೇ ದೊಡ್ಡ ಫ್ಲ್ಯಾಶ್ ತಗೊಳ್ಳಿ, ಆದರೆ ಅದೂ ಇದೇ ತರಹ ಎಲ್ಲ ಬ್ರಾಂಡ್‌ಗೂ ಸೇರುವ ರೇಡಿಯೋದ್ದೇ ಆಗಿರಲಿ. ಮಿಕ್ಕವರು ಕೊಳ್ಳುವ ಮುಂಚೆ ಫುಟ್ ಅಲುಗಿಸಿ ನೋಡಿ, ಬೀಪ್ ರೆಕಾರ್ಡ್ ಮಾಡಿ ನೋಡಿ, 1/250ರಲ್ಲಿ ಬಿಳಿ ಗೋಡೆಗೆ ರೇಡಿಯೋದಲ್ಲಿ ಹೊಡೆಸಿ ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತದಾ ಪರೀಕ್ಷಿಸಿ. ಬಂದರೆ 1/200 ಅಥವಾ 1/160ಕ್ಕೆ ಇಳಿಯಬೇಕಾಗುತ್ತದೆ, ನನ್ನದು 1/200ರಲ್ಲಿ ಸ್ವಚ್ಛ. ಮುಂದಿನ ಸೀಸನ್‌ಗೆ ಮೂರನೇ ಸ್ಟ್ಯಾಂಡ್‌ಗೊಂದು ಫ್ಲ್ಯಾಶ್ ಹುಡುಕುತ್ತಿದ್ದೇನೆ, ಅದೂ ಸೆಕೆಂಡ್ ಹ್ಯಾಂಡ್, ಶೂ ಯಾವುದಾದರೂ ಸರಿ.